ಬಿಳಿ ಶಾಮಿಯಾನದ ಕೆಳಗೆ ಸ್ಪ್ಯಾನಿಷ್

"ನಾಳೆ ನಿನ್ನ ಪರೀಕ್ಷೆ ಮುಗಿಯೋವರೆಗೂ ಈ ಬೀದಿಯಾಗೆ ಒಂದು ಸೊಳ್ಳೆ ಗುಂಯ್ ಅಂದ್ರೂ ಕೇಳು, ಈ ಮೀಸೆ ಬೋಳಿಸ್ಕೊಂಡು ಹೊನ್ನಾಳಿ ತುಂಬ ಓಡಾಡ್ತೀನಿ" ಎಂದು ಓಬಳೇಶ ಹೆಂಡತಿಯ ಮುಂದೆ ಘೋಷಿಸಿದಾಗ ಅವನ ಬಲಗೈಯಲ್ಲಿ ರೊಟ್ಟಿ ಇತ್ತು, ಎಡಗೈ ಮೀಸೆಯ ಮೇಲಿತ್ತು.

ಅದು ಅಂತಿಂಥ ಮೀಸೆಯಲ್ಲ. ಎರಡೂ ತುದಿ ಕೆನ್ನೆ ಹತ್ತಿ ಕಿವಿಯ ಕಡೆ ಪ್ರಯಾಣ ಹೊರಟಿದ್ದ ಮೀಸೆ. ಹೊನ್ನಾಳಿಯಲ್ಲಿ ಶಾಮಿಯಾನ, ಮೈಕ್‌ಸೆಟ್ ಬಾಡಿಗೆಗೆ ಕೊಡುವವರು ಬೇರೆಯವರೂ ಇದ್ದರು. ಆದರೆ "ಮೀಸೆ ಓಬಳೇಶ" ಎಂದರೆ ಸಾಕು, ಬಸ್‌ಸ್ಟ್ಯಾಂಡಿನ ಹೂವಿನವಳು ತಲೆಯೆತ್ತದೆ ಅವನ ಅಂಗಡಿಯ ಕಡೆ ಕೈ ತೋರಿಸುತ್ತಿದ್ದಳು. ಅಂಗಡಿಗೆ ಬೋರ್ಡು ಇರಲಿಲ್ಲ, ಮೀಸೆಯೇ ಬೋರ್ಡು. ಅಂಥದ್ದನ್ನು ಆತ ಪಣಕ್ಕೆ ಇಟ್ಟುಬಿಟ್ಟ.

ಉಷಾರಾಣಿ ಇನ್ನೊಂದು ರೊಟ್ಟಿ ಬಡಿಸಿ, "ಹೋದ ಸಲಾನೂ ಹಿಂಗೇ ಅಂದಿದ್ರಿ" ಎಂದಳು.

ಹೋದ ಸಲದ ಕಥೆ ಎತ್ತಿದರೆ ಓಬಳೇಶನ ರೊಟ್ಟಿ ಗಂಟಲಲ್ಲೇ ನಿಲ್ಲುತ್ತಿತ್ತು. ಲಾಕ್‌ಡೌನಿನಲ್ಲಿ ಮದುವೆ, ಜಾತ್ರೆ ಎಲ್ಲ ನಿಂತು ಶಾಮಿಯಾನದ ಬಟ್ಟೆಯೊಳಗೆ ಇಲಿ ಸಂಸಾರ ಹೂಡಿದ ಕಾಲದಲ್ಲಿ ಉಷಾರಾಣಿ ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯಲು ಶುರುಮಾಡಿದಳು. ಬಿ.ಎ. ಮಾಡಿ ಸುಮ್ಮನೆ ಕೂತಿದ್ದವಳು, ಹಿಡಿದದ್ದನ್ನು ಬಿಡುವ ಹೆಣ್ಣಲ್ಲ. ಒಲೆಯ ಮುಂದೆ ಸ್ಪ್ಯಾನಿಷ್, ಬಟ್ಟೆ ಒಗೆಯುವಾಗ ಸ್ಪ್ಯಾನಿಷ್. ಕೊನೆಗೆ ಒಂದು ಕಂಪನಿಯವರು, ಮನೆಯಲ್ಲೇ ಕೂತು ಸ್ಪ್ಯಾನಿಷ್ ಗ್ರಾಹಕರ ಫೋನಿಗೆ ಉತ್ತರ ಕೊಡುವ ಕೆಲಸ ಕೊಡುತ್ತೇವೆ, ಆದರೆ ಮಾತಿನ ಪರೀಕ್ಷೆ ಪಾಸಾಗಬೇಕು ಎಂದರು. ಪರೀಕ್ಷೆ ಲ್ಯಾಪ್‌ಟಾಪಿನಲ್ಲಿ. ಆ ಕಡೆ ಸ್ಪೇನಿನ ಒಬ್ಬ ಮೇಡಂ, ಈ ಕಡೆ ಹೊನ್ನಾಳಿಯ ಉಷಾರಾಣಿ. ಎಲ್ಲ ಸುಸೂತ್ರವಾಗಿ ನಡೆಯುತ್ತಿದ್ದಾಗ ಹಿತ್ತಲಿನಲ್ಲಿ ರಿಪೇರಿಯಾಗಿ ಬಂದ ಆಂಪ್ಲಿಫೈಯರ್ ನೋಡೋಣವೆಂದು ಓಬಳೇಶ ಸ್ವಿಚ್ ಹಾಕಿದ. "ಹಲೋ, ಹಲೋ, ಮೈಕ್ ಟೆಸ್ಟಿಂಗ್, ಹಲೋ" ಎಂದು ಎರಡು ಬೀದಿಗೆ ಕೇಳುವಂತೆ ಕೂಗಿದ. ಒಳಗೆ ಉಷಾರಾಣಿ ಕಲಿತದ್ದೆಲ್ಲ ಆ ಹಲೋದ ಜೊತೆಗೇ ಹಾರಿಹೋಯಿತು. ಫೇಲು.

ಕಂಪನಿಯವರು ಇನ್ನೊಂದೇ ಒಂದು ಅವಕಾಶ ಕೊಡುತ್ತೇವೆ ಎಂದರು. ಅದು ನಾಳೆ, ಹನ್ನೊಂದು ಗಂಟೆಗೆ. ಇದೂ ಹೋದರೆ ಕೆಲಸ ಇನ್ನೊಬ್ಬರ ಪಾಲು.

ಅವಳು ಎಡವುತ್ತಿದ್ದದ್ದು ಒಂದೇ ಕಡೆ. ಹಿಂದೆ ಯಾರಾದರೂ ಏನನ್ನಾದರೂ ಪದೇ ಪದೇ ಮಾಡುತ್ತಿದ್ದರು ಎನ್ನಲು ಸ್ಪ್ಯಾನಿಷಿನಲ್ಲಿ ಬೇರೆಯೇ ಒಂದು ಭೂತಕಾಲವಿದೆ. ಕ್ರಿಯಾಪದ 'ಆರ್' ಎಂದು ಮುಗಿದರೆ ಅದಕ್ಕೆ 'ಆಬಾ' ಹಚ್ಚಬೇಕು: ಹಾಡುತ್ತಿದ್ದರು ಎಂದರೆ ಕಾಂತಾಬಾ, ಹೊರುತ್ತಿದ್ದರು ಎಂದರೆ ಯೆವಾಬಾ. 'ಎರ್' ಅಥವಾ 'ಇರ್' ಎಂದು ಮುಗಿದರೆ 'ಈಯಾ': ಹಂಚುತ್ತಿದ್ದರು ಎಂದರೆ ರೆಪಾರ್ತೀಯಾ, ತಿನ್ನುತ್ತಿದ್ದರು ಎಂದರೆ ಕೊಮೀಯಾ. ಹೋದ ಸಲ ಮೈಕಿನ ಹೊಡೆತಕ್ಕೆ ಅವಳ ಬಾಯಿಂದ 'ಕೊಮಾಬಾ' ಎಂದು ಬಂದಿತ್ತು. ಅಂದಿನಿಂದ ಓಬಳೇಶನೇ ಎದುರು ಕೂತು ಬಾಯಿಪಾಠ ಒಪ್ಪಿಸಿಕೊಳ್ಳುತ್ತಿದ್ದ. ಸ್ಪ್ಯಾನಿಷಿನಲ್ಲಿ ಒಂದು ಲೋಟ ನೀರು ಕೇಳಲು ಬಾರದವನಿಗೂ ಆಬಾ, ಈಯಾ ನಿದ್ದೆಗಣ್ಣಿನಲ್ಲೂ ಬರುತ್ತಿತ್ತು.

ಪರೀಕ್ಷೆಯಲ್ಲಿ ಮನೆಯ ಹಿರಿಯರೊಬ್ಬರ ಬಗ್ಗೆ, ಅವರು ಮೊದಲು ಏನೇನು ಮಾಡುತ್ತಿದ್ದರು ಎಂದು ಹೇಳಬೇಕು. ಉಷಾರಾಣಿ ಮಾವನನ್ನು ಆರಿಸಿಕೊಂಡಿದ್ದಳು. ಮಾವ ಹನುಮಣ್ಣ ಜಗಳೂರಿನಲ್ಲಿ ದೊಡ್ಡ ಮಗನ ಮನೆಯಲ್ಲಿದ್ದ. ವಯಸ್ಸಿನಲ್ಲಿ ಸೈಕಲ್ಲಿನ ಹಿಂದೆ ಮೈಕಿನ ಕಹಳೆ ಕಟ್ಟಿಕೊಂಡು ಊರೂರು ಸಾರುತ್ತ ತಿರುಗಿದವನು. ಆ ಸಂಜೆಯೇ ಸೊಸೆಗೆ ಫೋನು ಮಾಡಿ, "ಏನಾರ ಆಗ್ಲಿ, ಅರ್ಧಕ್ಕೆ ಏಳಬ್ಯಾಡ ಕಣವ್ವ. ಮೈಕ್ ಹಿಡಿದ ಮ್ಯಾಗೆ ಕರೆಂಟ್ ಹೋದ್ರೂ ಮಾತು ನಿಲ್ಲಿಸಬಾರ್ದು" ಎಂದು ತನ್ನ ಜೀವಮಾನದ ವಿದ್ಯೆಯನ್ನು ಧಾರೆಯೆರೆದಿದ್ದ.

ಬೆಳಗಾಯಿತು. ಓಬಳೇಶ ಸೇನಾಧಿಪತಿಯ ಗತ್ತಿನಲ್ಲಿ ಬೀದಿಗಿಳಿದ. ಬೈಕು, ಆಟೋ, ತರಕಾರಿ ಗಾಡಿ ಇವುಗಳನ್ನು ತಡೆಯುವುದು ಹೇಗೆ? ಅವನ ಕಸುಬೇ ಉತ್ತರ ಹೇಳಿತು. ಬೀದಿಗೆ ಅಡ್ಡ ಶಾಮಿಯಾನ ನಿಂತರೆ ನಮ್ಮ ಕಡೆ ಯಾರೂ ಹಾರ್ನ್ ಹೊಡೆಯುವುದಿಲ್ಲ, ವಾದ ಮಾಡುವುದಿಲ್ಲ, ಸುಮ್ಮನೆ ಗಾಡಿ ತಿರುಗಿಸಿಕೊಂಡು ಹೋಗುತ್ತಾರೆ. ಸರಿ, ಕಂಬ ನಿಲ್ಲಿಸಿದ. ಬಟ್ಟೆ ತರಲು ಗೋಡೌನಿಗೆ ಹೋದರೆ ಝಾಲರಿಯ ಕೆಂಪು, ಹಳದಿ, ಗುಲಾಬಿ ಎಲ್ಲವೂ ಚನ್ನಗಿರಿಯ ಮದುವೆಗೆ ಹೋಗಿದ್ದವು. ಮೂಲೆಯಲ್ಲಿ ಉಳಿದಿದ್ದದ್ದು ಒಂದೇ, ಬರಿಯ ಬಿಳಿ ಬಟ್ಟೆ.

ಆ ಬಿಳಿ ಬಟ್ಟೆ ಯಾವಾಗ ಹೊರಗೆ ಬರುತ್ತದೆ ಎಂದು ಹೊನ್ನಾಳಿಯ ಎಳೆಯ ಮಕ್ಕಳಿಗೂ ಗೊತ್ತು. ಅದನ್ನು ಮದುವೆಗೂ ಹಾಕುವುದಿಲ್ಲ, ಗೃಹಪ್ರವೇಶಕ್ಕೂ ಹಾಕುವುದಿಲ್ಲ. ಸಾವಾದ ಮನೆಯ ಮುಂದೆ ಮಾತ್ರ ಹಾಕುತ್ತಾರೆ. ಇಷ್ಟು ವರ್ಷ ಅದೇ ಬಟ್ಟೆಯನ್ನು ಬಾಡಿಗೆಗೆ ಕೊಟ್ಟು ಮೀಸೆಗೆ ಎಣ್ಣೆ ಹಚ್ಚಿದ ಮಹಾನುಭಾವನಿಗೆ ಅದು ಮೊದಲು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ತಲೆಯಲ್ಲಿ ಹಾರ್ನ್ ಒಂದೇ ಇತ್ತು.

ಬಟ್ಟೆ ಕಟ್ಟಿದ, ಕುರ್ಚಿಗಳನ್ನು ಸಾಲಾಗಿ ಇಟ್ಟ. ಕುರ್ಚಿ ಇಲ್ಲದ ಶಾಮಿಯಾನ ಅವನ ಕಣ್ಣಿಗೆ ಬರಿದು ಕಾಣುತ್ತಿತ್ತು. ಒಳಗಿನಿಂದ ಉಷಾರಾಣಿ ಕರೆದಳು.

"ರೀ, ಮಾವಾರ ಫೋಟೋ ಎದುರಿಗೆ ಇಟ್ಕಂಡಿದ್ದೆ, ಅದರ ಗಾಜಿನ ಬೆಳಕು ಕ್ಯಾಮೆರಾಕ್ಕೆ ಹೊಡೀತೈತೆ. ಹೊರಗೆ ಇಡ್ರಿ. ಈ ಊದಿನಕಡ್ಡೀನೂ ತಗಂಡು ಹೋಗ್ರಿ, ಗಂಟಲು ಕೆರೀತೈತೆ."

ಓಬಳೇಶ ಫೋಟೋವನ್ನು ತಂದು ಶಾಮಿಯಾನದ ಮುಂದಿನ ಕುರ್ಚಿಯ ಮೇಲೆ ನಿಲ್ಲಿಸಿದ. ಊದಿನಕಡ್ಡಿಯ ಸ್ಟ್ಯಾಂಡನ್ನು ಅದರ ಪಕ್ಕದಲ್ಲೇ ಇಟ್ಟ. ಹೊಗೆ ಕಣ್ಣಿಗೆ ಹೋಗಿ ಎರಡೂ ಕಣ್ಣು ಕೆಂಪಗಾದವು. ಬಾಗಿಲು ಅರ್ಧ ಮುಚ್ಚಿ, ಬೀದಿಯ ಕಡೆ ಮುಖ ಮಾಡಿ, ಕೈಕಟ್ಟಿ ನಿಂತ.

ಮೊದಲು ಬಂದವಳು ಪಕ್ಕದ ಮನೆಯ ಶಂಕ್ರಮ್ಮ. ಹಾಲಿನ ಚೊಂಬು ಹಿಡಿದು ಬಂದವಳು ಬಿಳಿ ಬಟ್ಟೆ ನೋಡಿದಳು, ಫೋಟೋ ನೋಡಿದಳು, ಓಬಳೇಶನ ಕಣ್ಣು ನೋಡಿದಳು. ಬಾಯಿ ತೆಗೆಯುವಷ್ಟರಲ್ಲಿ ಓಬಳೇಶ ತುಟಿಯ ಮೇಲೆ ಬೆರಳಿಟ್ಟ.

"ಶ್... ಮಾತಾಡಬ್ಯಾಡ್ರಿ ಶಂಕ್ರಮ್ಮಾರೆ. ಹನ್ನೊಂದೂವರೆ ಹೊತ್ತಿಗೆ ಎಲ್ಲ ಮುಗೀತೈತೆ."

"ಅಷ್ಟು ಬೇಗನಾ?" ಎಂದಳು ಶಂಕ್ರಮ್ಮ ಪಿಸುದನಿಯಲ್ಲಿ.

"ಜಾಸ್ತಿ ಹೊತ್ತು ಇಟ್ಕಳಂಗಿಲ್ವಂತೆ. ಅವರ ರೂಲ್ಸು."

ಒಳಗಿನಿಂದ ಉಷಾರಾಣಿಯ ದನಿ ಕೇಳುತ್ತಿತ್ತು. ಭಯಕ್ಕೆ ದನಿ ಒಡೆದಿತ್ತು. ಮೊದಲು ಕನ್ನಡದಲ್ಲಿ ಹೇಳಿಕೊಂಡು ಆಮೇಲೆ ಸ್ಪ್ಯಾನಿಷಿಗೆ ತಿರುಗಿಸುವುದು ಅವಳ ಅಭ್ಯಾಸ. "ಮಾವ ಸೈಕಲ್ ಮೇಲೆ ಬರುತ್ತಿದ್ದರು. ಮಾವ ಹಾಡುತ್ತಿದ್ದರು. ಮಾವ ಎಲ್ಲರನ್ನೂ ನಗಿಸುತ್ತಿದ್ದರು..."

ಶಂಕ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂತಿರುಗಿದಳು. ಎಷ್ಟು ತಿಳಿವಳಿಕೆಯ ಹೆಂಗಸು, ಒಂದು ಮಾತಿಗೇ ಅರ್ಥ ಮಾಡಿಕೊಂಡಳು ಎಂದು ಓಬಳೇಶ ಮೆಚ್ಚಿಕೊಂಡ.

ಹತ್ತೂವರೆಯ ಹೊತ್ತಿಗೆ ಒಬ್ಬೊಬ್ಬರಾಗಿ ಬರತೊಡಗಿದರು. ಚಪ್ಪಲಿಗಳನ್ನು ದೂರದಲ್ಲೇ ಬಿಟ್ಟು, ಬೆಕ್ಕಿನ ಹೆಜ್ಜೆಯಿಟ್ಟು ಬಂದು ಕುರ್ಚಿಯಲ್ಲಿ ಕೂತರು. ಮಾತಿಲ್ಲ, ಕೆಮ್ಮಿಲ್ಲ. ಮೊಬೈಲುಗಳನ್ನೂ ಸೈಲೆಂಟಿಗೆ ಹಾಕಿಕೊಂಡರು. ಓಬಳೇಶನ ಎದೆ ಉಬ್ಬಿತು. ಒಬ್ಬ ಹೆಣ್ಣುಮಗಳು ಪರೀಕ್ಷೆಗೆ ಕೂರುತ್ತಾಳೆಂದು ಇಡೀ ಬೀದಿ ಬಂದು ಉಸಿರು ಬಿಗಿಹಿಡಿದು ಕೂತಿದೆ. ಇಂಥ ಊರು ಬೇರೆ ಎಲ್ಲಿದೆ ಎಂದು ಅವನ ಕೆಂಪು ಕಣ್ಣಿನಲ್ಲಿ ಈಗ ನಿಜವಾಗಿಯೂ ನೀರು ಬಂತು. ಅದನ್ನು ನೋಡಿ ಮುಂದಿನ ಸಾಲಿನ ಹೆಂಗಸರೂ ಕಣ್ಣೊರೆಸಿಕೊಂಡರು.

ಹನ್ನೊಂದಾಯಿತು. ಒಳಗೆ ಲ್ಯಾಪ್‌ಟಾಪಿನಿಂದ ಹೆಂಗಸಿನ ದನಿ ಬಂತು, ಉಷಾರಾಣಿ "ಬುಎನೋಸ್ ದಿಯಾಸ್" ಎಂದಳು. ಪರೀಕ್ಷೆ ಶುರುವಾಗಿತ್ತು. ಅದೇ ಹೊತ್ತಿಗೆ ಪ್ರವೀಣ್ ಕುಮಾರ್ ಬಂದ. ಈತ ಊರಿನ ಶಾಮಿಯಾನ, ಮೈಕ್‌ಸೆಟ್ ಮಾಲೀಕರ ಸಂಘದ ಅಧ್ಯಕ್ಷ. ಬಂದವನೇ ಓಬಳೇಶನನ್ನು ತಬ್ಬಿಕೊಂಡ.

"ಧೈರ್ಯ ತಗಳಪ್ಪ. ಸಂಘ ನಿನ್ನ ಜೊತೆಗೈತೆ."

"ನಂಗೇನು ಆಗೈತೆ ಪ್ರವೀಣಣ್ಣ, ಕಷ್ಟ ಎಲ್ಲ ಅವಳದ್ದು" ಎಂದು ಓಬಳೇಶ ಪಿಸುಗುಟ್ಟಿದ.

"ಹೌದಪ್ಪ, ಸೊಸೆ ಅಂದ್ರೆ ಅವರಿಗೆ ಅಷ್ಟು ಪ್ರೀತಿ ಇತ್ತು" ಎಂದು ಪ್ರವೀಣ್ ಕುಮಾರ್ ಚೀಲದಿಂದ ದಪ್ಪನೆಯ ಸೇವಂತಿಗೆ ಹಾರ ತೆಗೆದು, ಹನುಮಣ್ಣನ ಫೋಟೋಗೆ ಹಾಕಿ, ಕೈಮುಗಿದು ಕಣ್ಣು ಮುಚ್ಚಿ ನಿಂತ. ಹಿಂದೆ ಕುರ್ಚಿಯಲ್ಲಿದ್ದವರೆಲ್ಲ ಎದ್ದು ನಿಂತರು.

ಓಬಳೇಶ ಹಾರ ನೋಡಿದ. ಊದಿನಕಡ್ಡಿ ನೋಡಿದ. ನಿಧಾನವಾಗಿ ತಲೆಯೆತ್ತಿ ಮೇಲಿನ ಬಟ್ಟೆ ನೋಡಿದ.

"ಪ್ರವೀಣಣ್ಣ, ನಮ್ಮಪ್ಪ ಸತ್ತಿಲ್ಲ" ಎಂದ. ಕೂಗಬೇಕಾದ ಮಾತು, ಕೂಗುವ ಹಾಗಿರಲಿಲ್ಲ. ಕಿಟಕಿಯ ಆಚೆ ಉಷಾರಾಣಿ ಮಾತಾಡುತ್ತಿದ್ದಳು.

ಪ್ರವೀಣ್ ಕುಮಾರ್ ಅವನ ಬೆನ್ನು ಸವರಿದ. "ಮೊದಲು ಹಂಗೇ ಅನ್ನಿಸ್ತೈತೆ. ನಮ್ಮಪ್ಪ ಹೋದಾಗ ನಂಗೂ ನಂಬಾಕೆ ಆಗಿರಲಿಲ್ಲ."

"ಅಯ್ಯೋ, ಜಗಳೂರಾಗೆ ಚೆನ್ನಾಗೇ ಅದಾನೆ ಕಣಣ್ಣ. ನಿನ್ನೆ ಫೋನು ಮಾಡಿದ್ದ."

"ನಿನ್ನೆ ಮಾತಾಡಿದ್ರಂತೆ" ಎಂದು ಪ್ರವೀಣ್ ಕುಮಾರ್ ಹಿಂದಕ್ಕೆ ತಿರುಗಿ ಹೇಳಿದ. ಕುರ್ಚಿಯಿಂದ ಕುರ್ಚಿಗೆ ಆ ಮಾತು ಪಿಸಪಿಸ ಹರಿಯಿತು. ಎಲ್ಲರೂ ನಿಟ್ಟುಸಿರು ಬಿಟ್ಟರು.

ಇವರಿಗೆ ಅಪ್ಪನ ದನಿಯನ್ನೇ ಕೇಳಿಸಿಬಿಡುತ್ತೇನೆಂದು ಓಬಳೇಶ ಮೊಬೈಲ್ ತೆಗೆದು ಹನುಮಣ್ಣನಿಗೆ ಫೋನು ಮಾಡಿದ. ಸ್ವಿಚ್ ಆಫ್. ಇನ್ನೊಮ್ಮೆ ಮಾಡಿದ. ಸ್ವಿಚ್ ಆಫ್. ಅವನಪ್ಪ ಫೋನನ್ನು ಎಂದೂ ಆಫ್ ಮಾಡುವವನಲ್ಲ. ಬೆವರು ಒರೆಸಿಕೊಂಡು ಜಗಳೂರಿನ ಅತ್ತಿಗೆ ಕಲ್ಲಮ್ಮನಿಗೆ ಹಚ್ಚಿದ. ಅತ್ತಿಗೆ ಅಳುತ್ತಲೇ ಫೋನು ಎತ್ತಿದಳು.

"ಓಬಳೇಶಪ್ಪ, ಇದೇನು ಹಿಂಗಾತು? ಈಗ ನಿಮ್ಮೂರೋರು ಯಾರೋ ಫೋನು ಮಾಡಿ ಹೇಳಿದ್ರು. ಮಾವ ಬೆಳಿಗ್ಗೆ ರೊಟ್ಟಿ ತಿಂದು, ಬಸ್‌ಸ್ಟ್ಯಾಂಡ್ ಕಡೀಕೆ ಹೋಗ್ತೀನಿ ಅಂತ ಹೋದೋರು ವಾಪಸ್ ಬಂದಿಲ್ಲ. ನಿಮ್ಮಣ್ಣ ಹುಡುಕಾಕೆ ಹೋಗ್ಯಾರೆ. ಎಲ್ಲಿ ಆತಂತೆ?"

ಓಬಳೇಶನ ಕೈಯಿಂದ ಮೊಬೈಲ್ ಜಾರಿತು. ಪ್ರವೀಣ್ ಕುಮಾರ್ ಅದನ್ನು ಹಿಡಿದು ಕಿವಿಗಿಟ್ಟುಕೊಂಡು, ಕೇಳಿಸಿಕೊಂಡು, ಹಿಂದಿನವರಿಗೆ ಹೇಳಿದ: "ಜಗಳೂರು ಬಸ್‌ಸ್ಟ್ಯಾಂಡಾಗೆ ಆಗೈತಂತೆ."

ತಾನೇ ಕಟ್ಟಿದ ಬಟ್ಟೆಯಿಂದ ಹುಟ್ಟಿದ ಸುಳ್ಳು ಜಗಳೂರಿಗೆ ಹೋಗಿ ನಿಜವಾಗಿ ವಾಪಸ್ ಬಂದಿತ್ತು. ಓಬಳೇಶ ಅದನ್ನು ನಂಬಿಬಿಟ್ಟ. ಬಿಳಿ ಬಟ್ಟೆ ಕಟ್ಟಿ ಸಾವನ್ನು ನಾನೇ ಕರೆದುಕೊಂಡೆ, ಫೋಟೋ ಪಕ್ಕ ಊದಿನಕಡ್ಡಿ ಇಟ್ಟು ನಾನೇ ಅಪ್ಪನನ್ನು ಕಳಿಸಿದೆ ಎಂದು ಹಣೆ ಚಚ್ಚಿಕೊಂಡ. ಗಂಟಲಿಗೆ ಬಂದ ಅಳುವನ್ನು ಹೆಗಲ ಮೇಲಿನ ಟವೆಲು ಬಾಯಿಗೆ ತುರುಕಿಕೊಂಡು ತಡೆದ. ಒಳಗೆ ಹೋಗಿ ಹೇಳುವುದೇ? ಹೇಳಿದರೆ ಅವಳ ಪರೀಕ್ಷೆ ಮುಗಿಯಿತು, ಎರಡನೇ ಸಲವೂ ತನ್ನಿಂದಲೇ. ಹೇಳದಿದ್ದರೆ ಅಪ್ಪ ಸತ್ತರೂ ಬಾಯಿ ಬಿಡದ ಮಗ. ಕಿಟಕಿಯ ಪಕ್ಕದ ಗೋಡೆಗೆ ಬೆನ್ನುಕೊಟ್ಟು ನಿಂತುಬಿಟ್ಟ.

ಆಗ ಬೀದಿಯ ತುದಿಯಲ್ಲಿ ಒಂದು ಆಟೋ ನಿಂತಿತು. ಅದರಿಂದ ಇಳಿದವಳು ದುರುಗಕ್ಕ, ಹನುಮಣ್ಣನ ತಂಗಿ, ನ್ಯಾಮತಿಗೆ ಕೊಟ್ಟ ಹೆಣ್ಣು. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ಅವಳನ್ನು ಮೀರಿಸಿದವರು ಸುತ್ತಮುತ್ತ ಇರಲಿಲ್ಲ. ಅವಳು ಅತ್ತರೆ ಶತ್ರುಗಳೂ ಅಳುತ್ತಿದ್ದರು. ಓಬಳೇಶ ಓಡಿಹೋಗಿ ಅಡ್ಡ ನಿಂತು ಕೈಮುಗಿದ.

"ಅತ್ತೆ, ನಿನ್ನ ಕಾಲಿಗೆ ಬೀಳ್ತೀನಿ. ಸ್ವಲ್ಪ ಹೊತ್ತು ತಡಕ. ಒಳಗೆ ಉಷಾ ಪರೀಕ್ಷೆ ನಡೀತೈತೆ."

"ಏನು ನಡೀತೈತೆ?"

"ಪರೀಕ್ಷೆ. ಸ್ಪ್ಯಾನಿಷ್."

ದುರುಗಕ್ಕ ಅವನನ್ನು ಕೆಳಗಿಂದ ಮೇಲಕ್ಕೆ ನೋಡಿದಳು. "ಅಪ್ಪ ಸತ್ತೋಗ್ಯಾನೆ, ಸೊಸೆಗೆ ಪರೀಕ್ಷೆ, ಮಗನಿಗೆ ಕಾವಲು. ಸರಿಹೋತು" ಎಂದು ಅವನನ್ನು ಮೊಣಕೈಯಿಂದ ಸರಿಸಿ, ಫೋಟೋದ ಮುಂದೆ ಕುಸಿದು ಕೂತು, ಉಸಿರು ತುಂಬಿಕೊಂಡು ಎತ್ತಿದಳು.

"ಯಣ್ಣಾ... ಸೈಕಲ್ಲಿಗೆ ಕಹಳೆ ಕಟ್ಕಂಡು ಹೊರ್ತಿದ್ಯಲ್ಲೋ ನನ್ನಣ್ಣಾ..."

ಓಬಳೇಶ ಕಣ್ಣುಮುಚ್ಚಿದ. ಮೀಸೆ ಅಲ್ಲಿಗೆ ಹೋಯಿತು. ಈಗ ಮೀಸೆಯ ಚಿಂತೆ ಯಾರಿಗೆ? ಕಿಟಕಿಗೆ ಓಡಿದ. ಒಳಗೆ ಉಷಾರಾಣಿ ಕಲ್ಲಾಗಿ ಕೂತಿದ್ದಳು. ಬಾಯಿ ತೆರೆದಿತ್ತು, ಮಾತು ನಿಂತಿತ್ತು. ಲ್ಯಾಪ್‌ಟಾಪಿನಲ್ಲಿ ಬೆಳ್ಳಿ ಕೂದಲಿನ ಮೇಡಂ ಮುಂದಕ್ಕೆ ಬಾಗಿ ಏನೋ ಕೇಳುತ್ತಿದ್ದಳು. ಉಷಾರಾಣಿಯ ಕೈ ಕುರ್ಚಿಯ ಮೇಲೆ ಬಂತು, ಏಳುವವಳ ಹಾಗೆ. ಎದ್ದರೆ ಮುಗಿಯಿತು.

ಅವಳು ಏಳಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒಮ್ಮೆ ಕಿಟಕಿಯ ಕಡೆ ನೋಡಿ, ಮತ್ತೆ ಲ್ಯಾಪ್‌ಟಾಪಿಗೆ ತಿರುಗಿ, ನಿಧಾನವಾಗಿ ಬಾಯಿ ತೆರೆದಳು. "ಯೆವಾಬಾ" ಎಂಬುದು ಓಬಳೇಶನಿಗೆ ಸ್ಪಷ್ಟವಾಗಿ ಕೇಳಿತು. ಹೊರುತ್ತಿದ್ದರು.

"ನನ್ನ ಮನೀ ಮುಂದೆ ನಿಂತು ಹಾಡ್ತಿದ್ಯಲ್ಲೋ..." ಹೊರಗೆ ದುರುಗಕ್ಕ.

"ಕಾಂತಾಬಾ..." ಒಳಗೆ ಉಷಾರಾಣಿ.

"ಬಂದಾಗೆಲ್ಲ ಮಂಡಕ್ಕಿ ತಂದು ಹುಡುಗ್ರಿಗೆಲ್ಲ ಹಂಚ್ತಿದ್ಯಲ್ಲೋ..."

"ರೆಪಾರ್ತೀಯಾ..."

ಹೊರಗಿನ ಅಳುವನ್ನು ಅವಳು ಸಾಲು ಸಾಲಾಗಿ ಸ್ಪೇನಿನ ಮೇಡಂಗೆ ದಾಟಿಸುತ್ತಿದ್ದಳು. ಕ್ಯಾಮೆರಾದ ಆಚೆ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಮುಂದಿನ ಸಾಲು ಯಾವುದು ಎಂದು ಓಬಳೇಶನಿಗೆ ಗೊತ್ತಿತ್ತು. ಹಂಚಿದ ಮೇಲೆ ಉಳಿಯುವುದು ಒಂದೇ.

"ಎಲ್ಲಾರ್ದೂ ಆದ ಮ್ಯಾಗೆ ಕಡೀಗೆ ನೀನು ತಿಂತಿದ್ಯಲ್ಲೋ ನನ್ನಣ್ಣಾ..."

ಉಷಾರಾಣಿ ತಡೆದಳು. 'ಈಯಾ, ಈಯಾ' ಎಂದು ಓಬಳೇಶ ಕಿಟಕಿಯ ಸರಳು ಹಿಡಿದು ಮನಸ್ಸಿನಲ್ಲೇ ಜಪಿಸಿದ. ಅಪ್ಪ ಹೋಗಿದ್ದಾನೆ, ನಾನು ಇಲ್ಲಿ ಈಯಾಕ್ಕೆ ಕಾಯುತ್ತಿದ್ದೇನೆ ಎಂದು ಅವನಿಗೆ ನಾಚಿಕೆಯಾಯಿತು. ಆದರೂ ಕಾದ.

"ಕೊಮೀಯಾ" ಎಂದಳು ಉಷಾರಾಣಿ.

ಓಬಳೇಶ ಸರಳಿಗೆ ಹಣೆ ಆನಿಸಿ ಬಿಕ್ಕಿದ. ಹೆಗಲ ಮೇಲೆ ಒಂದು ಕೈ ಬಿತ್ತು. ಪ್ರವೀಣ್ ಕುಮಾರನ ಸಮಾಧಾನ ಸಾಕಾಗಿ ಅದನ್ನು ಕೊಡವಿದ. ಕೈ ಮತ್ತೆ ಬಿತ್ತು.

"ಉಷಾ ಎಲ್ಲಿ?" ಎಂದು ಯಾರೋ ನಡುಗುವ ದನಿಯಲ್ಲಿ ಕಿವಿಯ ಹತ್ತಿರ ಕೇಳಿದರು.

"ಒಳಗದಾಳೆ" ಎಂದ ಓಬಳೇಶ ತಿರುಗದೆ.

"ಯಾವಾಗ ಹೋತು ಜೀವ?"

"ಬೆಳಿಗ್ಗೆ. ಜಗಳೂರು ಬಸ್‌ಸ್ಟ್ಯಾಂಡಾಗಂತೆ."

"ಉಷಾ ಜಗಳೂರಿಗೆ ಯಾಕೆ ಹೋಗಿದ್ಲು?"

ಓಬಳೇಶ ತಿರುಗಿದ. ಎದುರಿಗೆ ಹನುಮಣ್ಣ ನಿಂತಿದ್ದ. ಒಂದು ಕೈಯಲ್ಲಿ ಮಂಡಕ್ಕಿ ಖಾರದ ಪೊಟ್ಟಣ, ಕಣ್ಣ ತುಂಬ ನೀರು. ಸೊಸೆಗೆ ಪರೀಕ್ಷೆಯ ದಿನ ಹೇಳದೆ ಕೇಳದೆ ಬಂದು ಆಶೀರ್ವಾದ ಮಾಡೋಣವೆಂದು ಬಸ್ಸು ಹತ್ತಿದವನು, ಫೋನಿನ ಬ್ಯಾಟರಿ ದಾರಿಯಲ್ಲೇ ಮುಗಿಸಿಕೊಂಡು, ಹೊನ್ನಾಳಿಯಲ್ಲಿಳಿದು, ಮಗನ ಮನೆ ಮುಂದೆ ಬಿಳಿ ಶಾಮಿಯಾನ ಕಂಡು, ಸೊಸೆಯೇ ಹೋದಳೆಂದು ಓಡಿಬಂದಿದ್ದ.

ಮಗ "ಅಪ್ಪಾ" ಎಂದು ಅಪ್ಪಿಕೊಳ್ಳಲು ಹೋದದ್ದೂ, ದುರುಗಕ್ಕ ತಲೆಯೆತ್ತಿ ಅಣ್ಣನನ್ನು ಕಂಡದ್ದೂ ಒಟ್ಟಿಗೇ ಆಯಿತು. ಹಾಡು ಅರ್ಧ ಸಾಲಿಗೆ ನಿಂತಿತು. ಆಮೇಲೆ ಅವಳ ಗಂಟಲಿನಿಂದ ಬಂದದ್ದು ಹಾಡಲ್ಲ. ಅದನ್ನು ಕೇಳಿ ಕುರ್ಚಿಯಲ್ಲಿದ್ದವರೆಲ್ಲ ಎದ್ದು ಓಡಿದರು. ಸಾಲು ಸಾಲು ಕುರ್ಚಿಗಳು ದಡದಡ ಉರುಳಿದವು. ಪ್ರವೀಣ್ ಕುಮಾರ್ ಕಂಬಕ್ಕೆ ಡಿಕ್ಕಿ ಹೊಡೆದು, ಶಾಮಿಯಾನದ ಒಂದು ಮೂಲೆ ಸಂಘದ ಅಧ್ಯಕ್ಷರ ಮೇಲೆಯೇ ಕುಸಿಯಿತು. ಹನುಮಣ್ಣ ಇದಾವುದನ್ನೂ ನೋಡದೆ ಮಗನನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿ, ಸೊಸೆಯ ತಲೆ ಸವರಿ, "ಬದುಕಿದ್ದೀಯೇನವ್ವ?" ಎಂದು ಕ್ಯಾಮೆರಾಕ್ಕೆ ಅಡ್ಡವಾಗಿ ನಿಂತು ಅಳತೊಡಗಿದ.

ಉಷಾರಾಣಿ ಅವನನ್ನು ನೋಡಿದಳು. ನಗು ಬಂತು, ಅಳು ಬಂತು, ಎರಡೂ ಸೇರಿ ಬಂದವು. ಲ್ಯಾಪ್‌ಟಾಪಿನ ಕಡೆ ತಿರುಗಿ ಮಾವನನ್ನು ತೋರಿಸಿ ಏನೋ ಹೇಳಿದಳು. ಬೆಳ್ಳಿ ಕೂದಲಿನ ಮೇಡಂ ಮೊದಲು ಬಾಯಿ ಬಿಟ್ಟಳು, ಆಮೇಲೆ ಕುರ್ಚಿಯಿಂದ ಬೀಳುವಂತೆ ನಕ್ಕಳು. ಹನುಮಣ್ಣ ಯಾರೇ ಇರಲಿ ಎಂದು ಅವಳಿಗೂ ಕೈಮುಗಿದ.

ಸ್ವಲ್ಪ ಹೊತ್ತಿಗೆ ಉಷಾರಾಣಿ ಹೊರಗೆ ಬಂದಳು. ಓಬಳೇಶ ಬಿದ್ದ ಕುರ್ಚಿಗಳ ನಡುವೆ ತಲೆ ತಗ್ಗಿಸಿ ಕೂತಿದ್ದ.

"ಪಾಸು" ಎಂದಳು. "ಅಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲಂತೆ. ಒಂದೂ ತಪ್ಪಿಲ್ಲಂತೆ."

"ನೀನು ನಿಜ ಅಂದ್ಕಂಡ್ಯಾ?" ಎಂದ ಓಬಳೇಶ.

"ಅಂದ್ಕಂಡೆ. ಎದ್ದು ಬರಾಕೆ ಹೊರಟಿದ್ದೆ. ಕರೆಂಟ್ ಹೋದ್ರೂ ಮಾತು ನಿಲ್ಲಿಸಬ್ಯಾಡ ಅಂದಿದ್ರಲ್ಲ ಮಾವ. ಅವರ ಮಾತು ಇದೊಂದಾದ್ರೂ ನಡೆಸೋಣ ಅಂತ ಕೂತೆ" ಎಂದು ಕಣ್ಣೊರೆಸಿಕೊಂಡಳು.

ಓಡಿಹೋದವರು ಒಬ್ಬೊಬ್ಬರಾಗಿ ವಾಪಸ್ ಬಂದರು. ಈಗ ಎಲ್ಲರಿಗೂ ಒಂದೇ ಪ್ರಶ್ನೆ: ಮನೆಗೆ ಹೋಗಿ ಸ್ನಾನ ಮಾಡಬೇಕೋ ಬೇಡವೋ? ಸಾವಿನ ಮನೆಗೆ ಬಂದದ್ದು ನಿಜ, ಆದರೆ ಸತ್ತವನು ಎದುರಿಗೆ ಕೂತು ಎಲ್ಲರಿಗೂ ಮಂಡಕ್ಕಿ ಹಂಚುತ್ತಿದ್ದಾನೆ. ಶಂಕ್ರಮ್ಮ, ತಲೆಗೆ ಬೇಡ, ಮೈಗಷ್ಟೇ ನೀರು ಹಾಕಿಕೊಂಡರೆ ಸಾಕು ಎಂದು ತೀರ್ಪು ಕೊಟ್ಟಳು. ಪೆಟ್ಟಾದ ಹಣೆಗೆ ಐಸ್ ಒತ್ತಿಕೊಂಡಿದ್ದ ಪ್ರವೀಣ್ ಕುಮಾರ್, ಹಾರವನ್ನು ವಾಪಸ್ ಒಯ್ಯುವುದೋ ಬಿಡುವುದೋ ತಿಳಿಯದೆ ಅದನ್ನು ಉಷಾರಾಣಿಯ ಕೊರಳಿಗೆ ಹಾಕಿ ಸಂಘದ ಪರವಾಗಿ ಅಭಿನಂದಿಸಿದ. ದುರುಗಕ್ಕ ಅಣ್ಣನ ಪಕ್ಕ ಕೂತು ಅವನ ಕೈ ಹಿಡಿದುಕೊಂಡಿದ್ದಳು, ಬಿಡಲಿಲ್ಲ.

"ಸುಳ್ಳು ಸಾವಿನ ಸುದ್ದಿ ಹೋದ್ರೆ ಆಯುಸ್ಸು ಗಟ್ಟಿ ಆಗ್ತೈತೆ ಬಿಡಣ್ಣ. ನೂರು ವರ್ಷ ಇರ್ತೀಯ" ಎಂದಳು.

"ನೀನು ಹಾಡಿದ್ದು ಚೆನ್ನಾಗಿತ್ತು ಕಣೆ ದುರುಗಿ. ಬದುಕಿದ್ದಾಗ ಒಂದು ದಿನಾನೂ ಇಂಥ ಮಾತು ಆಡಲಿಲ್ಲ" ಎಂದ ಹನುಮಣ್ಣ, ಮಂಡಕ್ಕಿ ಅಗಿಯುತ್ತ.

ಎಲ್ಲ ಸುಖಾಂತವಾಯಿತು ಎಂದು ಓಬಳೇಶ ಮೆಲ್ಲಗೆ ಮೀಸೆ ತಿರುವಿದ. ಅದೊಂದು ತಪ್ಪು ಮಾಡಿದ. ಉಷಾರಾಣಿಯ ಕಣ್ಣು ಅಲ್ಲಿಗೇ ಹೋಯಿತು.

"ಅದಿನ್ನೂ ಅಲ್ಲೇ ಐತಲ್ರಿ."

"ನೀನು ಪಾಸಾದ್ಯಲ್ಲ ಉಷಾ."

"ಪಾಸಾಗಿದ್ದು ನಾನು. ಸೊಳ್ಳೆ ಗುಂಯ್ ಅಂದ್ರೂ ಅಂದಿದ್ದು ನೀವು. ಇವತ್ತು ಸೊಳ್ಳೆ ಒಂದು ಬಿಟ್ಟು ಎಲ್ಲಾ ಗುಂಯ್ ಅಂದಾವೆ."

ಓಬಳೇಶ ಅಪ್ಪನ ಕಡೆ ಆಸೆಯಿಂದ ನೋಡಿದ. ಅವನ ಹತ್ತಿರ ಕೊನೆಯ ಅಸ್ತ್ರವೊಂದಿತ್ತು. "ಅಪ್ಪ ಬದುಕಿರೋವಾಗ ಮಗ ಮೀಸೆ ತೆಗೀಬಾರ್ದು. ಅಪಶಕುನ. ಹೌದಲ್ಲಪ್ಪಾ?"

ಹನುಮಣ್ಣ ಮಂಡಕ್ಕಿಯ ಪೊಟ್ಟಣ ಕೆಳಗಿಟ್ಟು ಯೋಚಿಸಿದ. ಮಗನ ಮುಖ ನೋಡಿದ, ಸೊಸೆಯ ಮುಖ ನೋಡಿದ. ಕುರ್ಚಿಯ ಮೇಲಿದ್ದ ತನ್ನ ಫೋಟೋ ನೋಡಿದ, ಅದರ ಮುಂದೆ ಉರಿದು ಬೂದಿಯಾಗಿದ್ದ ಊದಿನಕಡ್ಡಿ ನೋಡಿದ.

"ಅಪಶಕುನ ಇದಕ್ಕಿಂತ ಇನ್ನೇನು ಉಳಿದೈತಲೇ?" ಎಂದ. "ಆಡಿದ ಮಾತು ಆಡಿದಂಗೆ ನಡೀಬೇಕು. ಹೋಗು. ಜನ ತಪ್ಪು ತಿಳೀದಂಗೆ ನಾನು ನೋಡ್ಕತೀನಿ."

ಸಂಜೆ ಓಬಳೇಶ ಬಸ್‌ಸ್ಟ್ಯಾಂಡಿನ ಪಕ್ಕದ ಸೆಲೂನಿನಲ್ಲಿ ಕೂತ. ಸೆಲೂನಿನವನು ಏನನ್ನೂ ಕೇಳಲಿಲ್ಲ. ಬೆಳಗಿನ ಸುದ್ದಿ ಅವನಿಗೂ ಮುಟ್ಟಿತ್ತು, ಅದರ ಮುಂದಿನ ಸುದ್ದಿ ಮುಟ್ಟಿರಲಿಲ್ಲ. ಭಕ್ತಿಯಿಂದ ಎರಡೂ ಕಡೆಯ ಮೀಸೆ ಇಳಿಸಿದ. ಕನ್ನಡಿಯಲ್ಲಿ ಯಾವನೋ ಅಪರಿಚಿತ ಪೆಚ್ಚಾಗಿ ನೋಡುತ್ತಿದ್ದ. ಓಬಳೇಶ ಏಳಲು ಹೋದರೆ ಸೆಲೂನಿನವನು ಹೆಗಲು ಅದುಮಿ ಕೂರಿಸಿ ತಲೆಗೆ ನೀರು ಚಿಮುಕಿಸಿದ.

"ತಲೆ ಬ್ಯಾಡ, ಮೀಸೆ ಅಷ್ಟೇ."

"ಅಪ್ಪಾರ ಕಾರ್ಯ ಅರ್ಧಂಬರ್ಧ ಮಾಡಬಾರ್ದು ಓಬಳೇಶಣ್ಣ" ಎಂದು ಅವನು ಕತ್ತಿ ಮಸೆದ.

ಆಗ ಹೊರಗೆ ಆಟೋ ಒಂದರ ಮೇಲೆ ಕಟ್ಟಿದ ಮೈಕು ಗೊರಗೊರ ಸದ್ದು ಮಾಡಿತು. ಓಬಳೇಶನದೇ ಆಟೋ, ಓಬಳೇಶನದೇ ಮೈಕು. ಒಳಗೆ ಕೂತು ಮೈಕ್ ಹಿಡಿದಿದ್ದವನ ಹಳೆಯ ಗಂಟಲು ಮಾತ್ರ ಇಷ್ಟು ವರ್ಷದ ಮೇಲೂ ಮೊದಲಿನ ಹಾಗೆಯೇ ಇತ್ತು.

"ಹಲೋ, ಹಲೋ, ಮೈಕ್ ಟೆಸ್ಟಿಂಗ್. ಹೊನ್ನಾಳಿಯ ಮಹಾಜನಗಳಲ್ಲಿ ವಿನಂತಿ. ನಾನು ಹನುಮಣ್ಣ, ಜಗಳೂರು. ನಾನು ಬದುಕಿದ್ದೇನೆ. ನನ್ನ ಮಗ ಓಬಳೇಶನ ಮೀಸೆ ಹೋಗಿದ್ದು ನಾನು ಸತ್ತಿದ್ದಕ್ಕಲ್ಲ, ಹೆಂಡತಿ ಮುಂದೆ ಜಂಬ ಕೊಚ್ಚಿದ್ದಕ್ಕೆ. ಯಾರೂ ಹಾರ ತರಬಾರದು." ಮೈಕು ಒಂದು ಕ್ಷಣ ತಡೆದು ಮತ್ತೆ ಗೊರಗುಟ್ಟಿತು. "ಮದುವೆ, ತಿಥಿ, ಸ್ಪ್ಯಾನಿಷ್ ಪರೀಕ್ಷೆಗಳಿಗೆ ಶಾಮಿಯಾನ ಬೇಕಾದವರು ಸಂಪರ್ಕಿಸಿ: ಮೀಸೆ ಇಲ್ಲದ ಓಬಳೇಶ. ಬಣ್ಣದ ಬಟ್ಟೆಗೆ ಮುಂಚೆಯೇ ಹೇಳಿ."